ಚಂದಾ ಕಟ್ಟದ ಕ್ಯಾಮೆರಾ ಬೇಕಾ? ವಿಡಿಯೊ ಎಲ್ಲಿ ಕೂರುತ್ತದೆ ಅಂತ ಮೊದಲು ಕೇಳಿ

ಪ್ರಶ್ನೆ: ಹೋದ ವರ್ಷ ಒಂದು ಡೋರ್‌ಬೆಲ್ ಕ್ಯಾಮೆರಾ ತಂದು ಹಾಕಿದೆ. ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಹಳೆಯ ವಿಡಿಯೊ ನೋಡಬೇಕಾದರೆ ತಿಂಗಳಿಗೆ ಇಷ್ಟು ಕಟ್ಟಿ ಅಂತ ಆ್ಯಪ್ ಕೇಳತೊಡಗಿತು. ಈಗ ಅದನ್ನು ತೆಗೆದು ಬಾಗಿಲಿಗೆ ಒಂದು, ಹಿತ್ತಲಿಗೆ ಒಂದು, ಕಾರು ನಿಲ್ಲಿಸುವ ಜಾಗಕ್ಕೆ ಒಂದು ಕ್ಯಾಮೆರಾ ಹಾಕಿಸಬೇಕು ಅಂತಿದ್ದೇನೆ. ಚಂದಾ ಮಾತ್ರ ಬೇಡವೇ ಬೇಡ. ಆದರೆ ನೋಡಿದರೆ ಎಲ್ಲರ ಪೆಟ್ಟಿಗೆ ಮೇಲೂ ‘ಚಂದಾ ಬೇಕಿಲ್ಲ’ ಅಂತಲೇ ಇರುತ್ತದೆ. ಯಾವುದನ್ನು ನಂಬಲಿ? ವೈರಿಂಗ್ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ.

ಉತ್ತರ: ಪೆಟ್ಟಿಗೆ ಮೇಲೆ ಬರೆದದ್ದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಗಂಟೆ ಹೊಡೆಯಲು ಚಂದಾ ಬೇಕಿಲ್ಲ, ಬಂದವರು ಯಾರೆಂದು ಆ ಕ್ಷಣ ನೋಡಲು ಬೇಕಿಲ್ಲ, ಬಾಗಿಲಾಚೆ ನಿಂತವರ ಜೊತೆ ಮಾತಾಡಲೂ ಬೇಕಿಲ್ಲ. ಹತ್ತು ನಿಮಿಷದ ಹಿಂದೆ ಏನಾಯಿತು ಅಂತ ನೋಡಲು ಮಾತ್ರ ಬೇಕು. ರಿಂಗ್ ಡೋರ್‌ಬೆಲ್‌ಗಳಲ್ಲಿ ಪ್ಲಾನ್ ಇಲ್ಲದಿದ್ದರೆ ಲೈವ್ ಸಿಗುತ್ತದೆ, ರೆಕಾರ್ಡಿಂಗ್ ಸಿಗುವುದಿಲ್ಲ. ಗೂಗಲ್ 2021ರಲ್ಲಿ ತಂದ ಬ್ಯಾಟರಿ ನೆಸ್ಟ್ ಡೋರ್‌ಬೆಲ್‌ನಲ್ಲಿ ಪುಕ್ಕಟೆಯಾಗಿ ಉಳಿಯುವುದು ಕೊನೆಯ 3 ಗಂಟೆಯ ಕ್ಲಿಪ್‌ಗಳು. ಯಾರೋ ರಾತ್ರಿ ಎರಡಕ್ಕೆ ಬಂದು ಹೋದರು, ನೀವು ಎದ್ದದ್ದು ಆರಕ್ಕೆ, ಅಷ್ಟೊತ್ತಿಗೆ ಅದು ಅಳಿಸಿ ಹೋಗಿರುತ್ತದೆ. ಕ್ಯಾಮೆರಾ ಹಾಕಿಸಿದ್ದೀರಿ, ಇನ್ನು ನಿದ್ದೆ ಮಾಡಬೇಡಿ ಅಂದ ಹಾಗಾಯ್ತು, ಅಲ್ವಾ?

ಹಾಗಾಗಿ ‘ಯಾವ ಕಂಪನಿ ಒಳ್ಳೆಯದು’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಕೇಳಬೇಕಾದ್ದು ವಿಡಿಯೊ ಎಲ್ಲಿ ಹೋಗಿ ಕೂರುತ್ತದೆ ಅಂತ. ಇರುವುದು ನಾಲ್ಕೇ ಜಾಗ: ಕಂಪನಿಯ ಕಂಪ್ಯೂಟರ್, ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್, ಮನೆಯೊಳಗಿನ ಒಂದು ಪೆಟ್ಟಿಗೆ, ಇಲ್ಲವೇ ನಿಮ್ಮದೇ ಕಂಪ್ಯೂಟರ್. ಮೊದಲನೆಯದಕ್ಕೆ ಬಾಡಿಗೆ ಕೇಳುತ್ತಾರೆ, ಅದು ಸಹಜ, ಅವರ ಡಿಸ್ಕಿಗೂ ಖರ್ಚಿದೆ. ಉಳಿದ ಮೂರರಲ್ಲಿ ಬಾಡಿಗೆ ಇಲ್ಲ. ಬದಲಿಗೆ ಕಾವಲುಗಾರನ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಎಲ್ಲಕ್ಕಿಂತ ಸುಲಭ ಮೆಮೊರಿ ಕಾರ್ಡ್. ಕ್ಯಾಮೆರಾದ ಹಿಂದೆ ಒಂದು ಸಣ್ಣ ಕಿಂಡಿ, ಅದಕ್ಕೆ ಕಾರ್ಡ್ ಹಾಕಿದರೆ ಮುಗಿಯಿತು. ತುಂಬಿದ ಮೇಲೆ ಹಳೆಯದನ್ನು ತಾನೇ ಅಳಿಸಿ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಎಷ್ಟು ದಿನ ಹಿಡಿಯುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಅಂತಿಟ್ಟುಕೊಳ್ಳಿ, 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಅದು ಮಾಮೂಲು. ದಿನಕ್ಕೆ 86,400 ಸೆಕೆಂಡು, ಎಂಟು ಬಿಟ್ಟಿಗೆ ಒಂದು ಬೈಟ್, ಅಲ್ಲಿಗೆ ದಿನಕ್ಕೆ 21.6 ಜಿಬಿ ಆಯಿತು. 128 ಜಿಬಿ ಕಾರ್ಡ್ ಐದಾರು ದಿನಕ್ಕೆ ತುಂಬುತ್ತದೆ. ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ವಾರಗಟ್ಟಲೆ ಬರುತ್ತದೆ, ಆದರೆ ಅಲುಗಾಟವನ್ನು ಅದು ಗಮನಿಸದೇ ಹೋದರೆ ಏನೂ ಇರುವುದಿಲ್ಲ.

ಕಾರ್ಡ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ನಮ್ಮ ಮನೆಯ ಗೇಟಿನ ಹತ್ತಿರ ಯಾರೋ ಕಾರಿಗೆ ಗೀಚಿ ಹೋದರು. ಇದೆಯಲ್ಲ ಕ್ಯಾಮೆರಾ ಅಂತ ಧೈರ್ಯವಾಗಿ ಆ್ಯಪ್ ತೆಗೆದೆ. ಎರಡು ತಿಂಗಳ ಹಿಂದೆಯೇ ಕಾರ್ಡ್ ಸತ್ತಿತ್ತು. ಲೈವ್ ಚೆನ್ನಾಗಿ ಬರುತ್ತಿತ್ತು, ನೋಟಿಫಿಕೇಶನ್ ಬರುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಊರಿಗೆಲ್ಲ ಕ್ಯಾಮೆರಾ ಬಗ್ಗೆ ಬುದ್ಧಿ ಹೇಳುವವನ ಕಥೆ ಇದು. ತಪ್ಪು ಕಾರ್ಡಿನದಲ್ಲ, ಫೋನಿನಿಂದ ತೆಗೆದ ಮಾಮೂಲಿ ಕಾರ್ಡನ್ನು ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಹಚ್ಚಿದ್ದು ನಾನು. ಇಂಥ ಕೆಲಸಕ್ಕೆಂದೇ ಹೈ ಎಂಡ್ಯೂರೆನ್ಸ್ ಅನ್ನುವ ಬೇರೆ ಕಾರ್ಡ್‌ಗಳಿವೆ, ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಎರಡೂ ಮಾಡುತ್ತವೆ. ಅದನ್ನೇ ತನ್ನಿ. ಇನ್ನೊಂದು, 256 ಅಂತ ಬರೆದು ಒಳಗೆ 32 ಜಿಬಿ ಇರುವ ನಕಲಿ ಕಾರ್ಡ್‌ಗಳು ಧಾರಾಳವಾಗಿ ಸಿಗುತ್ತವೆ. ತಂದ ದಿನವೇ ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನುವ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ.

ಆದರೆ ಕಾರ್ಡಿನ ದೊಡ್ಡ ದೋಷ ಬೇರೆ. ಅದು ಕ್ಯಾಮೆರಾ ಒಳಗೇ ಇರುತ್ತದೆ. ಡೋರ್‌ಬೆಲ್ ಇರುವುದು ಕೈಗೆಟುಕುವ ಎತ್ತರದಲ್ಲಿ, ಅದೂ ಬಾಗಿಲ ಹೊರಗೆ. ಕಳ್ಳ ಅದನ್ನು ಕಿತ್ತುಕೊಂಡು ಹೋದರೆ ಅವನ ಮುಖದ ವಿಡಿಯೊ ಅವನ ಜೇಬಿನಲ್ಲೇ ಹೋಗುತ್ತದೆ. ಆದ್ದರಿಂದ ಎತ್ತರದಲ್ಲಿ ಕೂರಿಸುವ ಕ್ಯಾಮೆರಾಗೆ ಕಾರ್ಡ್ ಸಾಕು ಅಂದರೂ ನಾನು ಸುಮ್ಮನಿರುತ್ತೇನೆ, ಡೋರ್‌ಬೆಲ್‌ಗೆ ಒಪ್ಪುವುದಿಲ್ಲ. ಅದರ ವಿಡಿಯೊ ಗೋಡೆಯ ಒಳಗಡೆ ಬಂದು ಕೂರಬೇಕು.

ಅಂದರೆ ಮನೆಯೊಳಗಿನ ಪೆಟ್ಟಿಗೆ. ಇದರಲ್ಲಿ ಎರಡು ಜಾತಿ. ಬ್ಯಾಟರಿ ಕ್ಯಾಮೆರಾಗಳ ಜೊತೆ ಬರುವ ಸಣ್ಣ ಹಬ್ ಒಂದು. ಯೂಫಿಯ ಹೋಮ್‌ಬೇಸ್ ಇಂಥದ್ದು, ಬ್ಲಿಂಕ್‌ನ ಸಿಂಕ್ ಮಾಡ್ಯೂಲ್ 2ಕ್ಕೆ ನಿಮ್ಮದೇ ಯುಎಸ್‌ಬಿ ಡ್ರೈವ್ ಚುಚ್ಚಬಹುದು. ಇನ್ನೊಂದು ಎನ್‌ವಿಆರ್, ಅಂದರೆ ಹಾರ್ಡ್‌ಡಿಸ್ಕ್ ಇರುವ ರೆಕಾರ್ಡರ್. ರಿಯೊಲಿಂಕ್, ಹಿಕ್‌ವಿಷನ್, ದಾಹುವಾ ಥರದವರು ಇದನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಅಂಗಡಿಗಳಲ್ಲಿ, ಆಫೀಸುಗಳಲ್ಲಿ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದಲ್ಲ, ಅದೇ. ನೋಡಲು ಚಂದವಿಲ್ಲ, ಆ್ಯಪ್ ಕೂಡ ಅಷ್ಟಕ್ಕಷ್ಟೇ, ಆದರೆ ವರ್ಷಗಟ್ಟಲೆ ಸುಮ್ನೆ ತನ್ನ ಪಾಡಿಗೆ ರೆಕಾರ್ಡ್ ಮಾಡುತ್ತಿರುತ್ತದೆ.

ನಿಮಗೆ ಮೂರು ಕ್ಯಾಮೆರಾ ಬೇಕು ಅಂದಿದ್ದೀರಿ. ಸ್ವಂತ ಮನೆ, ಗೋಡೆ ಕೊರೆಯಬಹುದು ಅಂತಾದರೆ ನಾನು ಎನ್‌ವಿಆರ್ ಕಡೆಗೇ ವಾಲುತ್ತೇನೆ, ಅದರಲ್ಲೂ ಪಿಒಇ ಇರುವುದು. ವೈರಿಂಗ್ ಗೊತ್ತಿಲ್ಲ ಅಂತ ಹೆದರಬೇಡಿ. ಪಿಒಇ ಅಂದರೆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಚಿತ್ರವೂ ಒಟ್ಟಿಗೆ ಓಡುವುದು. 2003ರಲ್ಲೇ ಇದಕ್ಕೆ ಸ್ಟ್ಯಾಂಡರ್ಡ್ ಬಂತು. ಒಂದು ಕೇಬಲ್ 100 ಮೀಟರ್ ತನಕ ಹೋಗುತ್ತದೆ, 15 ವ್ಯಾಟ್ ಆಸುಪಾಸು ಕೊಡುತ್ತದೆ, ಮಾಮೂಲಿ ಕ್ಯಾಮೆರಾಗೆ ಅದು ಧಾರಾಳ. ವೋಲ್ಟೇಜ್ 48ರ ಸುತ್ತಮುತ್ತ, ಮನೆಯ ಪ್ಲಗ್ಗಿನಲ್ಲಿ ಬರುವಂಥದ್ದಲ್ಲ. ಕೇಬಲ್‌ನ ಒಂದು ತುದಿ ಕ್ಯಾಮೆರಾಗೆ, ಇನ್ನೊಂದು ರೆಕಾರ್ಡರ್‌ಗೆ, ಅಷ್ಟೇ ವೈರಿಂಗ್. ಕಷ್ಟವಿರುವುದು ತೂತು ಕೊರೆದು ಕೇಬಲ್ ಎಳೆಯುವುದರಲ್ಲಿ, ಅದಕ್ಕೆ ಅರ್ಧ ದಿನ ಒಬ್ಬರನ್ನು ಕರೆಸಿಕೊಂಡರಾಯಿತು. ವೈಫೈ ಇಲ್ಲದಿರುವುದೇ ಇದರ ದೊಡ್ಡ ಲಾಭ. ವೈಫೈ ಕ್ಯಾಮೆರಾ ಗೋಡೆ ದಾಟಿ ಸಿಗ್ನಲ್ ಹಿಡಿಯಬೇಕು, ರೂಟರ್ ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಕ್ಯಾಮೆರಾಗೂ ಮತ್ತೆ ಹೇಳಿಕೊಡಬೇಕು, ಬೇಕೆಂದೇ ವೈಫೈ ಕೆಡಿಸುವವರೂ ಇದ್ದಾರೆ.

ಇಲ್ಲಿಯೂ ಅದೇ ಲೆಕ್ಕ. ಸ್ವಲ್ಪ ಒಳ್ಳೆಯ ಚಿತ್ರ ಬೇಕೆಂದು ಸೆಕೆಂಡಿಗೆ 4 ಮೆಗಾಬಿಟ್ ಇಟ್ಟರೆ ಮೂರು ಕ್ಯಾಮೆರಾಗೆ ದಿನಕ್ಕೆ ಸುಮಾರು 130 ಜಿಬಿ. 2 ಟಿಬಿ ಡಿಸ್ಕಿನಲ್ಲಿ ಹದಿನೈದು ದಿನದ್ದು ಇರುತ್ತದೆ, 4 ಟಿಬಿಯಲ್ಲಿ ಒಂದು ತಿಂಗಳದ್ದು. ಡಿಸ್ಕ್ ಕೂಡ ಈ ಕೆಲಸಕ್ಕೆಂದೇ ಮಾಡಿದ್ದಿರಲಿ, ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ್ದು. ಪೆಟ್ಟಿಗೆಯನ್ನು ಟಿವಿ ಪಕ್ಕದಲ್ಲಿ ಇಡಬೇಡಿ. ಒಳಗೆ ಬಂದವನು ಮೊದಲು ಕೈ ಹಾಕುವುದು ಅಲ್ಲಿಗೇ.

ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ ಅಂತಾದರೆ ಬ್ಯಾಟರಿ ಕ್ಯಾಮೆರಾ ಮತ್ತು ಹಬ್. ಇದು ಕೆಟ್ಟದ್ದೇನಲ್ಲ, ಆದರೆ ಅದರ ಸ್ವಭಾವ ತಿಳಿದುಕೊಂಡು ಕೊಳ್ಳಿ. ಬ್ಯಾಟರಿ ಉಳಿಸಲು ಅದು ಸಾಮಾನ್ಯವಾಗಿ ನಿದ್ದೆ ಮಾಡುತ್ತಿರುತ್ತದೆ. ಮೈ ಬಿಸಿ ಇರುವ ಏನಾದರೂ ಮುಂದೆ ಹಾದುಹೋದರೆ ಒಂದು ಸೆನ್ಸರ್ ಅದನ್ನು ಎಬ್ಬಿಸುತ್ತದೆ. ಕಣ್ಣು ಬಿಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗಿರುತ್ತದೆ, ಹಾಗಾಗಿ ಬಂದವರ ಮುಖ ತಪ್ಪಿ ಬೆನ್ನು ಮಾತ್ರ ಸಿಗುವುದು ಮಾಮೂಲು. ಸೆನ್ಸರ್ ಅಡ್ಡ ಹಾಯುವುದನ್ನು ಚೆನ್ನಾಗಿ ಗುರುತಿಸುತ್ತದೆ, ನೇರವಾಗಿ ಎದುರಿಗೆ ಬರುವುದನ್ನು ತಡವಾಗಿ ಗುರುತಿಸುತ್ತದೆ. ಅದಕ್ಕೇ ದಾರಿಗೆ ಎದುರಾಗಿ ಅಲ್ಲ, ಓರೆಯಾಗಿ ಕೂರಿಸಬೇಕು.

ಡೋರ್‌ಬೆಲ್‌ಗೆ ಒಂದು ಗಂಭೀರ ಎಚ್ಚರಿಕೆ. ವೈರ್ ಇರುವ ಡೋರ್‌ಬೆಲ್ ಕ್ಯಾಮೆರಾಗಳು ಸಾಮಾನ್ಯವಾಗಿ 16ರಿಂದ 24 ವೋಲ್ಟ್ ಎಸಿ ಕೇಳುತ್ತವೆ, ಅದು ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಬರಬೇಕು. ನಿಮ್ಮ ಹಳೆಯ ಗಂಟೆಯ ಸ್ವಿಚ್ಚಿಗೆ ಮನೆಯ ಮೇನ್ ಲೈನ್ ನೇರವಾಗಿ ಬಂದಿರಬಹುದು. ಆ ಎರಡು ವೈರು ಕಂಡವು ಅಂತ ಕ್ಯಾಮೆರಾಗೆ ಜೋಡಿಸಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆ, ಮುಟ್ಟಿದವರ ಗತಿ ಹೇಳುವುದೇ ಬೇಡ. ಇನ್ನು ಕೆಲವು ಹಳೆಯ ಗಂಟೆಗಳಿಗೆ ಟ್ರಾನ್ಸ್‌ಫಾರ್ಮರ್ ಇದ್ದರೂ ಅದು 8 ವೋಲ್ಟಿನದು, ಸಾಲದು. ಇದೊಂದನ್ನು ಎಲೆಕ್ಟ್ರಿಷಿಯನ್ ಕೈಲಿ ಅಳತೆ ಮಾಡಿಸಿ. ಪಿಒಇ ಡೋರ್‌ಬೆಲ್ ತಂದರೆ ಈ ತಲೆನೋವೇ ಇಲ್ಲ.

ಈಗ ಚಿತ್ರದ ವಿಷಯ, ಜನ ಜಾಸ್ತಿ ಮೋಸ ಹೋಗುವುದು ಇಲ್ಲಿ. ಎಲ್ಲರೂ 4ಕೆ ಇದೆಯಾ ಅಂತ ಕೇಳುತ್ತಾರೆ, ಎಷ್ಟು ಅಗಲ ಕಾಣುತ್ತದೆ ಅಂತ ಯಾರೂ ಕೇಳುವುದಿಲ್ಲ. ಸಿಸಿಟಿವಿಗಳಲ್ಲಿ ಬಹಳ ಕಾಲದಿಂದ ಬಳಸುತ್ತಾ ಬಂದ ಒಂದು ಅಂತರರಾಷ್ಟ್ರೀಯ ಅಳತೆ ಇದೆ. ಗುರುತಿಲ್ಲದ ಒಬ್ಬನ ಮುಖವನ್ನು ಆಮೇಲೆ ಖಚಿತವಾಗಿ ಗುರುತಿಸಬೇಕಾದರೆ ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಪಿಕ್ಸೆಲ್ (ಚಿತ್ರದ ಚುಕ್ಕೆಗಳು) ಇರಬೇಕು. ಗೊತ್ತಿರುವ ಮುಖಕ್ಕೆ 125 ಸಾಕು. 90 ಡಿಗ್ರಿ ಲೆನ್ಸ್ ಇದ್ದರೆ 10 ಮೀಟರ್ ದೂರದಲ್ಲಿ 20 ಮೀಟರ್ ಅಗಲ ಕಾಣುತ್ತದೆ. 4ಕೆ ಅಂದರೆ ಅಡ್ಡಕ್ಕೆ 3840 ಪಿಕ್ಸೆಲ್, ಇಪ್ಪತ್ತರಿಂದ ಭಾಗಿಸಿ, 192 ಬಂತು. ಅಪರಿಚಿತನ ಮುಖಕ್ಕೆ ಸಾಲದು. ಅದೇ ದೂರಕ್ಕೆ 30 ಡಿಗ್ರಿಯ ಕಿರಿದಾದ ಲೆನ್ಸ್ ಇರುವ ಹಳೇ 1080ಪಿ ಕ್ಯಾಮೆರಾ ಇಟ್ಟರೆ ಅಲ್ಲಿ ಕಾಣುವ ಅಗಲ ಐದೂವರೆ ಮೀಟರಿಗೂ ಕಡಿಮೆ, 1920 ಪಿಕ್ಸೆಲ್ ಹಂಚಿದರೆ ಮೀಟರಿಗೆ 350ರ ಮೇಲೆ. ಕಡಿಮೆ ಪಿಕ್ಸೆಲ್‌ನ ಕ್ಯಾಮೆರಾ ಗೆದ್ದಿತು ನೋಡಿ. ಹಾಗಾಗಿ ಕಾರಿನ ಜಾಗಕ್ಕೆ, ಅದರಲ್ಲೂ ಗೇಟು ದೂರವಿದ್ದರೆ, ಇಡೀ ಅಂಗಳ ಕಾಣುವ 2.8 ಎಂಎಂ ಲೆನ್ಸ್ ಬದಲು ಗೇಟಿನ ಕಡೆಗೆ ಮಾತ್ರ ನೋಡುವ 6 ಅಥವಾ 8 ಎಂಎಂ ಲೆನ್ಸ್ ಕೇಳಿ. ಹಿತ್ತಲಿಗೆ ಅಗಲದ್ದೇ ಇರಲಿ, ಅಲ್ಲಿ ಯಾರಾದರೂ ಇದ್ದಾರಾ ಅನ್ನುವುದೇ ಮುಖ್ಯ.

ಎತ್ತರ ಜಾಸ್ತಿ ಬೇಡ. ಎರಡನೇ ಮಹಡಿಯಿಂದ ನೋಡಿದರೆ ಟೋಪಿ, ತಲೆಗೂದಲು ಎಲ್ಲ ಚೆನ್ನಾಗಿ ಕಾಣುತ್ತವೆ, ಮುಖ ಕಾಣುವುದಿಲ್ಲ. ಎರಡೂವರೆ ಮೀಟರ್ ಸುತ್ತಮುತ್ತ ಸಾಕು. ಡೋರ್‌ಬೆಲ್‌ಗೆ ನೆಲದಿಂದ 1.2 ಮೀಟರ್ ಆಸುಪಾಸು, ಚಿತ್ರ ಅಡ್ಡಕ್ಕಿಂತ ಚೌಕವಾಗಿಯೋ ಉದ್ದವಾಗಿಯೋ ಇರಲಿ. ಸಿನಿಮಾ ಥರ ಅಗಲ ಚಿತ್ರದಲ್ಲಿ ಎದುರು ಮನೆ ಪೂರ್ತಿ ಕಾಣುತ್ತದೆ, ನಿಮ್ಮ ಹೊಸ್ತಿಲ ಮುಂದೆ ಇಟ್ಟುಹೋದ ಪಾರ್ಸೆಲ್ ಮಾತ್ರ ಕಾಣುವುದಿಲ್ಲ. ರಾತ್ರಿ ಚಿತ್ರಕ್ಕೆ ಕ್ಯಾಮೆರಾದಲ್ಲೇ ಇನ್‌ಫ್ರಾರೆಡ್ ದೀಪ ಇರುತ್ತದೆ. ಗೋಡೆಗೋ ಸೂರಿಗೋ ತೀರಾ ಹತ್ತಿರ ಕೂರಿಸಿದರೆ ಆ ಬೆಳಕು ವಾಪಸ್ ಹೊಡೆದು ಚಿತ್ರವೆಲ್ಲ ಬಿಳಿ ಮಂಜಾಗುತ್ತದೆ. ರಾತ್ರಿ ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳ ಹಿಡಿಯಲು ಜೇಡ ಬಲೆ ಕಟ್ಟುತ್ತದೆ, ಆಮೇಲೆ ರಾತ್ರಿಯಿಡೀ ಜೇಡನ ನೋಟಿಫಿಕೇಶನ್. ಆಗಾಗ ಒಂದು ಬಟ್ಟೆಯಿಂದ ಒರೆಸಿ.

ನೋಟಿಫಿಕೇಶನ್ ಅಂದ ಮೇಲೆ ಇದನ್ನೂ ಹೇಳಬೇಕು. ರೆಕಾರ್ಡಿಂಗ್ ಪುಕ್ಕಟೆ ಕೊಟ್ಟು ಬುದ್ಧಿಗೆ ದುಡ್ಡು ಕೇಳುವವರೂ ಇದ್ದಾರೆ. ಬಂದದ್ದು ಮನುಷ್ಯನೋ ಬೆಕ್ಕೋ ಅಂತ ಗುರುತಿಸುವುದು ಕ್ಯಾಮೆರಾದ ಒಳಗಿನ ಚಿಪ್ಪಿನಲ್ಲೇ ಆಗುತ್ತದಾ, ಕಂಪನಿಯ ಕಂಪ್ಯೂಟರಿನಲ್ಲಾ ಅಂತ ವಿಚಾರಿಸಿ. ಎರಡನೆಯದಾದರೆ ಅದು ಬಹುತೇಕ ಚಂದಾ ಪಟ್ಟಿಯಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಮರದ ಎಲೆ ಅಲುಗಿದರೂ ಫೋನ್ ಕೂಗುತ್ತದೆ, ಮೂರನೇ ದಿನ ನೀವೇ ನೋಟಿಫಿಕೇಶನ್ ಬಂದ್ ಮಾಡುತ್ತೀರಿ. ಕಂಪನಿಯ ಸೈಟಿನಲ್ಲಿ ಚಂದಾ ಪ್ಲಾನ್ ಪುಟ ತೆಗೆದು, ದುಡ್ಡು ಕೊಟ್ಟರೆ ಏನೇನು ಸಿಗುತ್ತದೆ ಅಂತ ಓದಿ. ನಿಮಗೆ ಸಿಗದಿರುವುದರ ಪಟ್ಟಿ ಅದೇ.

‘ವಿಡಿಯೊ ಮನೆ ಬಿಟ್ಟು ಹೋಗುವುದಿಲ್ಲ’ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಯೂಫಿ ಇದನ್ನೇ ಹೇಳಿಕೊಂಡು ಮಾರುತ್ತಿತ್ತು. 2022ರ ನವೆಂಬರ್‌ನಲ್ಲಿ ನೋಟಿಫಿಕೇಶನ್‌ಗೆ ಬೇಕಾದ ಸಣ್ಣ ಚಿತ್ರಗಳು ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್‌ನಾಚೆಯ ಕಂಪ್ಯೂಟರಿಗೆ, ಹೋಗುತ್ತಿರುವುದನ್ನು ಒಬ್ಬ ಭದ್ರತಾ ಸಂಶೋಧಕ ತೋರಿಸಿದ, ಲೈವ್ ವಿಡಿಯೊವನ್ನು ಹೊರಗಿನಿಂದ ನೋಡಲು ಸಾಧ್ಯವಿತ್ತು ಅನ್ನುವುದೂ ಹೊರಬಿತ್ತು. ಆಮೇಲೆ ಕಂಪನಿ ಒಪ್ಪಿಕೊಂಡು ಸರಿಪಡಿಸಿತು. 2024ರ ಫೆಬ್ರುವರಿಯಲ್ಲಿ ವೈಜ್ ಕ್ಯಾಮೆರಾದ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಂಡವು. ಇನ್ನು ಪುಕ್ಕಟೆ ಅಂದದ್ದನ್ನು ವಾಪಸ್ ಕಿತ್ತುಕೊಳ್ಳಲು ಹೋದವರೂ ಇದ್ದಾರೆ. ಆರ್ಲೊ ತನ್ನ ಹಳೆಯ ಕ್ಯಾಮೆರಾಗಳ ಜೊತೆ 7 ದಿನದ ಉಚಿತ ಕ್ಲೌಡ್ ಕೊಟ್ಟಿತ್ತು. 2023ರ ಆರಂಭದಲ್ಲಿ ಅದನ್ನು ನಿಲ್ಲಿಸುತ್ತೇವೆ ಅಂದಿತು, ಗ್ರಾಹಕರು ರೇಗಿದ ಮೇಲೆ ಹಿಂದೆ ಸರಿಯಿತು. ಯೂಫಿ ಹೆಸರು ಮೇಲೆಯೂ ಬಂತು, ಇಲ್ಲಿಯೂ ಬಂತು, ಕೊಳ್ಳಲೇಬೇಡಿ ಅಂತ ನನ್ನ ಅರ್ಥವಲ್ಲ. ಬಾಗಿಲಾಚೆಗೆ ಇಡಲು ನನ್ನ ಅಭ್ಯಂತರವಿಲ್ಲ. ಮಲಗುವ ಕೋಣೆಯಲ್ಲಿ ಯಾವ ಕಂಪನಿಯದ್ದನ್ನೂ ಇಡಬೇಡಿ.

ಇದರಿಂದೆಲ್ಲ ತಪ್ಪಿಸಿಕೊಳ್ಳಲು ಒಂದು ಹಿಂಬಾಗಿಲಿದೆ. ಕೊಳ್ಳುವಾಗ ಆರ್‌ಟಿಎಸ್‌ಪಿ (ನೆಟ್‌ವರ್ಕಿನಲ್ಲಿ ವಿಡಿಯೊ ಕಳಿಸುವ ಒಂದು ಸಾಮಾನ್ಯ ಪದ್ಧತಿ) ಅಥವಾ ಆನ್‌ವಿಫ್ ಇದೆಯಾ ಅಂತ ನೋಡಿ. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್‌ಗಳು ಪರಸ್ಪರ ಮಾತಾಡಲಿ ಅಂತ 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಶುರು ಮಾಡಿದ್ದು ಆನ್‌ವಿಫ್. ಇದಿದ್ದರೆ ನಾಳೆ ಕಂಪನಿ ಮುಚ್ಚಿದರೂ, ಆ್ಯಪ್ ನಿಂತರೂ, ಕ್ಯಾಮೆರಾವನ್ನು ಬೇರೆಯವರ ರೆಕಾರ್ಡರ್‌ಗೆ ಜೋಡಿಸಬಹುದು. ಕಂಪ್ಯೂಟರ್ ಹುಚ್ಚು ಇರುವವರು ಫ್ರಿಗೇಟ್ ಅನ್ನುವ ಉಚಿತ ತಂತ್ರಾಂಶ ಹಾಕಿ ಹಳೆಯ ಕಂಪ್ಯೂಟರನ್ನೇ ರೆಕಾರ್ಡರ್ ಮಾಡಿಕೊಳ್ಳುತ್ತಾರೆ. ನಿಮಗೆ ಅದು ಬೇಡ ಅನ್ನಿಸುತ್ತದೆ. ಬ್ಯಾಟರಿ ಕ್ಯಾಮೆರಾಗಳಲ್ಲಿ ಮಾತ್ರ ಇದು ಸಾಮಾನ್ಯವಾಗಿ ಇರುವುದಿಲ್ಲ, ನಿದ್ದೆ ಮಾಡುವವನು ಸದಾ ಮಾತಾಡುವುದು ಹೇಗೆ?

ಹೊರಗಿನಿಂದ ಫೋನಿನಲ್ಲಿ ನೋಡಲು ಕಂಪನಿಯ ಆ್ಯಪ್ ಸಾಕು. ಯಾರಾದರೂ ರೂಟರಿನಲ್ಲಿ ಪೋರ್ಟ್ ಓಪನ್ ಮಾಡಿ ಹೊರಗಿನಿಂದ ನೇರ ದಾರಿ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ. ಆ ದಾರಿಯಲ್ಲಿ ನೀವಷ್ಟೇ ಅಲ್ಲ, ಯಾರು ಬೇಕಾದರೂ ಬರಬಹುದು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡಿನ ತಂತ್ರಾಂಶ) ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಹುಡುಕಿ ಹಿಡಿದು, ಅವುಗಳಿಂದ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಕೆಡವಿತ್ತು. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ. ರೂಟರಿಗೂ ರೆಕಾರ್ಡರ್‌ಗೂ ಒಂದು ಸಣ್ಣ ಯುಪಿಎಸ್ ಇರಲಿ, ಕರೆಂಟ್ ಹೋದಾಗ ಪಿಒಇ ಕ್ಯಾಮೆರಾಗಳೂ ಅದರಲ್ಲೇ ಓಡುತ್ತವೆ.

ನೆರೆಯವರ ಕಿಟಕಿ ಚಿತ್ರದಲ್ಲಿ ಬಂದರೆ ಆ ಭಾಗವನ್ನು ಸೆಟ್ಟಿಂಗ್‌ನಲ್ಲಿ ಕಪ್ಪು ಮಾಡಬಹುದು, ಮಾಡಿ. ಧ್ವನಿ ರೆಕಾರ್ಡಿಂಗ್ ಅಗತ್ಯವಿಲ್ಲದಿದ್ದರೆ ಆಫ್ ಮಾಡಿ. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಕೋರ್ಟಿನಲ್ಲಿ ಪಕ್ಕದ ಮನೆಯವರ ಕ್ಯಾಮೆರಾ ಮತ್ತು ಡೋರ್‌ಬೆಲ್ ವಿರುದ್ಧ ಒಂದು ಕೇಸು ನಡೆದು, ಡೇಟಾ ರಕ್ಷಣೆ ಕಾನೂನು ಮುರಿದಿದ್ದಾರೆ ಅಂತ ತೀರ್ಪು ಬಂತು. ಚಿತ್ರಕ್ಕಿಂತಲೂ ದೂರದ ಮಾತು ಹಿಡಿಯುತ್ತಿದ್ದ ಮೈಕ್ ಬಗ್ಗೆ ನ್ಯಾಯಾಧೀಶರು ಹೆಚ್ಚು ಖಾರವಾಗಿದ್ದರು.

ತಂದ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಉಚಿತ ಟ್ರಯಲ್ ಶುರುವಾಗಿದ್ದರೆ ಮೊದಲು ಅದನ್ನು ರದ್ದು ಮಾಡಿ, ಇಲ್ಲದಿದ್ದರೆ ಒಂದು ತಿಂಗಳು ಬೇರೆಯದೇ ಕ್ಯಾಮೆರಾ ನೋಡುತ್ತಿರುತ್ತೀರಿ, ಹೋದ ಸಲ ನಿಮಗಾದದ್ದು ಅದೇ. ಆಮೇಲೆ ಇಂಟರ್‌ನೆಟ್ ಕೇಬಲ್ ಕಿತ್ತು, ರೂಟರ್ ಆನ್ ಇಟ್ಟು, ಬಾಗಿಲ ಮುಂದೆ ಎರಡು ಸಲ ಓಡಾಡಿ. ಒಂದು ಗಂಟೆ ಬಿಟ್ಟು ಕೇಬಲ್ ಹಾಕಿ ನೋಡಿ, ನಿಮ್ಮ ಓಡಾಟ ರೆಕಾರ್ಡ್ ಆಗಿರಬೇಕು. ಆ ಕ್ಲಿಪ್ಪನ್ನು ಫೋನಿಗೆ ಇಳಿಸಿ, ಬೇರೆಯವರಿಗೆ ಕಳಿಸಿ, ಅವರ ಹತ್ತಿರ ಅದು ತೆರೆಯುತ್ತದಾ ಕೇಳಿ. ಕೆಲವು ಕಂಪನಿಗಳ ವಿಡಿಯೊ ಅವರ ಆ್ಯಪ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ, ಪೊಲೀಸರ ಮುಂದೆ ಫೋನ್ ಹಿಡಿದು ನಿಲ್ಲಬೇಕಾಗುತ್ತದೆ. ವಿಡಿಯೊ ಮೇಲಿನ ಗಡಿಯಾರ ಸರಿ ಇದೆಯಾ ಅಂತಲೂ ನೋಡಿ. ಇದರಲ್ಲಿ ಯಾವುದು ತಪ್ಪಿದರೂ ವಾಪಸ್ ಕೊಟ್ಟುಬಿಡಿ.

ಹಳೆಯ ಡೋರ್‌ಬೆಲ್ ಅನ್ನು ಯಾರಿಗಾದರೂ ಕೊಡುವ ಮುಂಚೆ ಆ್ಯಪ್‌ನಲ್ಲಿ ನಿಮ್ಮ ಅಕೌಂಟಿನಿಂದ ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಬರೀ ರೀಸೆಟ್ ಮಾಡಿದರೆ ಎಷ್ಟೋ ಮಾಡೆಲ್‌ಗಳು ಹಳೆಯ ಅಕೌಂಟಿಗೇ ಅಂಟಿಕೊಂಡಿರುತ್ತವೆ, ತೆಗೆದುಕೊಂಡವರು ಮತ್ತೆ ನಿಮಗೇ ಫೋನ್ ಮಾಡುತ್ತಾರೆ.